ದೈವಕರೆ ಪರಿಶೀಲನೆಯಲ್ಲಿದೆ

ಚರ್ಚಿನ ಗುರುವಾಗಬೇಕು ಅಂತ ಹೊರಟವನಿಗೆ ಸೈತಾನ ಹೆಜ್ಜೆಹೆಜ್ಜೆಗೂ ಅಡ್ಡ ಬರುತ್ತಾನೆ ಅಂತ ಚಿಕ್ಕಂದಿನಲ್ಲಿ ಧರ್ಮೋಪದೇಶದ ಕ್ಲಾಸಿನಲ್ಲಿ ಹೆದರಿಸಿದ್ದರು. ಸುಳ್ಳು. ನಮ್ಮ ಚಾಮರಾಜನಗರದಲ್ಲಿ ಸೈತಾನನಿಗೆ ಅಷ್ಟು ತೊಂದರೆ ಕೊಡುವ ಅಗತ್ಯವೇ ಇಲ್ಲ. ಮನೆಯವರು, ನೆಂಟರು, ಅಕ್ಕಪಕ್ಕದವರು, ಜೊತೆಯಲ್ಲಿ ಕೆಲಸ ಮಾಡುವವರು ಎಲ್ಲ ಸೇರಿ ಆ ಇಲಾಖೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ನನಗೆ ದೈವಕರೆ ಬಂದದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ. ಅವತ್ತಿನಿಂದ ಒಂದು ದಿನವೂ ನನಗೆ ಅನುಮಾನ ಬಂದಿಲ್ಲ. ಅನುಮಾನವೆಲ್ಲ ಉಳಿದವರಿಗೆ ಬಂತು, ಅದೂ ಸರದಿ ಪ್ರಕಾರ. ಎಂಟು ವರ್ಷ ಹೀಗೆ ಒಂದಲ್ಲ ಒಂದು ನಡೆಯುತ್ತಲೇ ಇತ್ತು. ಒಂದಷ್ಟು ಹೇಳುತ್ತೇನೆ, ಕೇಳಿ.

೧. ಬರೆದು ಕೊಡು

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿತ್ತು, ಅವರು ಮಾತ್ರ ಕಚೇರಿಯನ್ನು ಬಿಟ್ಟಿರಲಿಲ್ಲ. ಹಾಲಿನವನು ಎರಡು ದಿನ ಬರದಿದ್ದರೆ ಕಾರಣ ಕೇಳಿ ನೋಟಿಸು. ಸಾರಿಗೆ ಉಪ್ಪು ಕಡಿಮೆಯಾದರೆ "ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ" ಅಂತ ಅಡುಗೆಮನೆಯ ಕಡೆ ನೋಡಿ ಹೇಳುವುದು. ಅಂಥವರ ಮುಂದೆ ನನ್ನ ವಿಷಯ ಇಡಬೇಕಿತ್ತು.

ಭಾನುವಾರದ ಪೂಜೆ ಮುಗಿಸಿ ಬಂದು ಮಟನ್ ಸಾರಿನ ಮುಂದೆ ಕೂತಿದ್ದೆವು. ಅಪ್ಪನ ಮನಸ್ಸು ಹದವಾಗಿರುವುದು ವಾರದಲ್ಲಿ ಅದೊಂದೇ ಹೊತ್ತು.

"ಅಪ್ಪಾ, ನಾನು ಕೆಲಸ ಬಿಟ್ಟು ಗುರುಮಠಕ್ಕೆ ಓದೋಕೆ ಸೇರ್ತೀನಿ. ಗುರು ಆಗ್ತೀನಿ" ಅಂದೆ.

ಅಮ್ಮ ಸೌಟು ಕೆಳಗೆ ಬಿಟ್ಟು ನನ್ನನ್ನು ತಬ್ಬಿಕೊಂಡು ಅತ್ತಳು. ಅವಳು ತಾಳವಾಡಿ ಕಡೆಯವಳು. ಸಂತೋಷ ಆದರೂ ಕೋಪ ಬಂದರೂ ಅವಳ ಬಾಯಿಗೆ ಮೊದಲು ತಮಿಳೇ ಬರುವುದು. "ಕಡವುಳೇ, ಕಡೇಗೂ ಕೇಳಿದ್ಯಲ್ಲಪ್ಪಾ" ಅಂತ ದೇವರ ಪಟಕ್ಕೆ ಕೈ ಮುಗಿದಳು. ನಾನು ಹೊಟ್ಟೆಯಲ್ಲಿದ್ದಾಗಲೇ ಮಗ ಗುರುವಾಗಲಿ ಅಂತ ಹರಕೆ ಹೊತ್ತಿದ್ದಳಂತೆ. ಒಂದು ವೇಳೆ ಆಗದಿದ್ದರೆ ಇರಲಿ ಅಂತ ಇಂಜಿನಿಯರ್ ಆಗಲಿ ಅಂತಲೂ ಹೊತ್ತಿದ್ದಳಂತೆ.

ಅಪ್ಪ ಮೂಳೆ ಚೀಪುವುದನ್ನು ಪೂರ್ತಿ ಮುಗಿಸಿದರು. ಕೈ ತೊಳೆದು ಬಂದು, "ಬಾಯಿ ಮಾತಲ್ಲಿ ಹೇಳುದ್ರೆ ಆಗಲ್ಲ. ಬರ್ದು ಕೊಡು" ಅಂದರು.

ಬರೆದು ಕೊಟ್ಟೆ. ಕನ್ನಡಕ ಏರಿಸಿ ಎರಡು ಸಲ ಓದಿ, "ಮೇಲೆ ವಿಷಯ ಅಂತ ಹಾಕೇ ಇಲ್ವಲ್ಲ" ಅಂತ ವಾಪಸ್ಸು ಕೊಟ್ಟರು. ವಿಷಯ ಹಾಕಿ, ಮಾನ್ಯರೆ ಅಂತ ಸೇರಿಸಿ, ಮತ್ತೆ ಬರೆದೆ. ತೆಗೆದುಕೊಂಡು, ಮೂಲೆಯಲ್ಲಿ ಸ್ವೀಕರಿಸಿದೆ ಅಂತ ಬರೆದು ಸಹಿ ಮಾಡಿ ಬೀರುವಿನಲ್ಲಿಟ್ಟರು. ಒಂದು ವಾರ ಕಾದು, "ಅಪ್ಪಾ, ಏನಾಯ್ತು?" ಅಂದೆ.

"ಪರಿಶೀಲನೆಯಲ್ಲಿದೆ" ಅಂದರು.

ನಮ್ಮ ಚರ್ಚಿನ ವೃದ್ಧ ಗುರುಗಳನ್ನು ಕೇಳಿದರೆ, "ನೀನು ವಯಸ್ಸಿಗೆ ಬಂದವನು ಕಣಪ್ಪ, ಅಪ್ಪನ ಸಹಿ ಇಲ್ಲದಿದ್ದರೂ ಬಿಷಪ್ಪರು ತಗೋತಾರೆ" ಅಂದರು. ನಿಜವೇ. ಆದರೆ ನಾನು ಅವರಿಗೆ ಒಬ್ಬನೇ ಮಗ. ಆ ಮನುಷ್ಯನ ಕಣ್ಣು ತಪ್ಪಿಸಿ ದೇವರ ಹತ್ತಿರ ಹೋಗುವುದು ನನಗೆ ಬೇಕಿರಲಿಲ್ಲ. ಓದಲು ಹೋಗುತ್ತೇನೆ, ಆದರೆ ಅಪ್ಪ ಬಾಯಿಬಿಟ್ಟು ಆಯ್ತು ಅನ್ನುವ ತನಕ ದೀಕ್ಷೆ ತಗೊಳ್ಳುವುದಿಲ್ಲ ಅಂತ ನನಗೆ ನಾನೇ ಶಪಥ ಮಾಡಿಕೊಂಡೆ. ಅದನ್ನು ಅಪ್ಪನಿಗೂ ಹೇಳಿದೆ, ಕರಗುತ್ತಾರೇನೋ ಅಂತ.

ತಲೆಯಾಡಿಸಿದರು. "ಸರಿ. ಅದನ್ನೂ ಬರ್ದು ಕೊಡು. ಅದೇ ಫೈಲಿಗೆ ಸೇರುಸ್ತೀನಿ."

೨. ಯೂನಿಯನ್ನು

ಆಗ ನಾನು ಬದನಗುಪ್ಪೆ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ರಾಜೀನಾಮೆ ಕೊಟ್ಟ ದಿನ ಊಟದ ಹೊತ್ತಿಗೆ ಸುದ್ದಿ ಹಬ್ಬಿತ್ತು. ನನ್ನ ಶಿಫ್ಟಿನ ಫಿಟ್ಟರ್ ಒಬ್ಬ, ಉಡಿಗಾಲದವನು, ನನಗೆ ಭಾರಿ ದೋಸ್ತಿ. ಮುದ್ದೆ ಡಬ್ಬಿ ಹಿಡಿದುಕೊಂಡು ಬಂದು ಎದುರಿಗೆ ಕೂತ.

"ಯಾರ್ಲಾ ಅವ್ಳು?"

"ಯಾರೂ ಇಲ್ಲ ಕಣ್ಲಾ."

"ನನ್ತಾವ್ಲೇ ಸುಳ್ಳೇಳ್ತಿಯಲ್ಲಾ. ಯಾರೂ ಕೈ ಕೊಡ್ದೆ ಗಂಡುಸ್ರು ಸನ್ಯಾಸಿ ಆದಾರಾ? ಎಸ್ರು ಏಳ್ಬುಡು, ಓಗಿ ಮಾತಾಡ್ಕೊಂಡು ಬತ್ತೀನಿ."

ಹುಡುಗಿ ಇಲ್ಲ, ದೇವರು ಕರೆದಿದ್ದಾನೆ ಅಂತ ಅರ್ಧ ಮುದ್ದೆ ಮುಗಿಯುವ ತನಕ ವಿವರಿಸಿದೆ. ಅವನು ಗಂಭೀರವಾಗಿ ಕೇಳಿದ. ಆಮೇಲೆ ಕೈ ನೆಕ್ಕಿಕೊಂಡು, "ಸರಿ ಬುಡು. ಎಲ್ಲಾದ್ರೂ ಕೆಲ್ಸ ಕೆಲ್ಸನೇ. ಕಂಡೀಶನ್ ಏನು ಏಳು" ಅಂದ.

"ಏನು ಕಂಡೀಶನ್ನು?"

"ವಾರದ್ ರಜಾ ಯಾವತ್ತು? ಭಾನ್ವಾರನಾ?"

"ಭಾನುವಾರ ಎಲ್ಲಿಂದ ಬಂತು? ಅವತ್ತೇ ನಮಗೆ ಜಾಸ್ತಿ ಕೆಲಸ."

"ಅಬ್ಬದ್ ದಿಸ?"

"ಹಬ್ಬದ ದಿನ ಇನ್ನೂ ಜಾಸ್ತಿ."

"ಓಟಿ?"

"ಇಲ್ಲ. ಯಾವ ಹೊತ್ತಲ್ಲಿ ಕರೆದರೂ ಹೋಗಬೇಕು."

"ಟ್ರಾನ್ಸ್‌ಫರ್ರು?"

"ಎಲ್ಲಿಗೆ ಹಾಕಿದರೆ ಅಲ್ಲಿಗೆ. ಯಾಕೆ ಅನ್ನೋ ಹಾಗಿಲ್ಲ."

ಅವನು ಡಬ್ಬಿ ಮುಚ್ಚಿದ. ಸುತ್ತ ಕೂತಿದ್ದ ನಾಲ್ಕೈದು ಜನ ಊಟ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು. ಯಾರದೋ ಸಾವಿನ ಸುದ್ದಿ ಕೇಳಿದವರ ಹಾಗೆ ಇತ್ತು ಅವರ ಮುಖ.

"ಇದುಕ್ಕೆ ಟ್ರೈನಿಂಗ್ ಬೇರೆಯಾ? ಎಷ್ಟು ದಿಸ?"

"ಎಂಟು ವರ್ಷ."

"ಎಂಟು ವರ್ಷವಾ! ಅಲ್ಲಿ ಯೂನಿಯನ್ ಗೀನಿಯನ್ ಏನೂ ಇಲ್ವಾ?"

ನನಗೂ ಹುರುಪು ಬಂತು. "ಇಲ್ಲದೆ ಏನು? ನಮ್ಮ ಧರ್ಮಸಭೆಗೆ ಎರಡು ಸಾವಿರ ವರ್ಷ ಆಯ್ತು. ಪ್ರಪಂಚದ ತುಂಬ ಇದೆ" ಅಂದೆ.

ಅವನು ಎದ್ದು ನಿಂತ. "ಎರಡ್ಸಾವ್ರ ವರ್ಸದ್ ಯೂನಿಯನ್ನು, ಇನ್ನೂ ಒಂದು ಭಾನ್ವಾರದ್ ರಜಾ ಕೊಡ್ಸಕ್ಕಾಗಿಲ್ವಾ? ನಿಮ್ ಲೀಡ್ರುಗಳು ಸರಿಯಿಲ್ಲ ಕಣ್ಲಾ!"

೩. ಮೂಗು

ಗುರುಮಠದ ಮೊದಲ ವರ್ಷದ ರಜೆಗೆ ಬಂದಿದ್ದೆ. ಅಪ್ಪನ ಅಕ್ಕ, ಗುಂಡ್ಲುಪೇಟೆಯ ಅತ್ತೆ, ಯಾರಿಗೂ ಹೇಳದೆ ಕೇಳದೆ ಒಂದು ಓಮ್ನಿ ತುಂಬ ಜನರನ್ನು ತುಂಬಿಕೊಂಡು ಬಂದಿಳಿದರು. ಜೊತೆಗೆ ಒಂದು ತಟ್ಟೆ ಹೂವು ಹಣ್ಣು. ನೋಡಿದ ತಕ್ಷಣ ನನಗೆ ಗೊತ್ತಾಯಿತು, ಹೆಣ್ಣು ತೋರಿಸುವ ಶಾಸ್ತ್ರ. ಸಾಮಾನ್ಯವಾಗಿ ಗಂಡಿನವರು ಹೆಣ್ಣಿನ ಮನೆಗೆ ಹೋಗುತ್ತಾರೆ. ನಾನು ಹೋಗುವವನಲ್ಲ ಅಂತ ಅತ್ತೆ ಹೆಣ್ಣನ್ನೇ ಹೊತ್ತು ತಂದಿದ್ದರು.

"ವಂಶಕ್ಕೆ ಒಬ್ಬ. ಇವನೂ ಬಿಳಿ ನಿಲುವಂಗಿ ಹಾಕೊಂಡು ಹೊಂಟ್ರೆ ನಮ್ಮಪ್ಪನ ಹೆಸ್ರು ಹೇಳೋರು ಯಾರು?" ಅಂತ ಅತ್ತೆ ಅಪ್ಪನನ್ನು ಹಿಡಿದುಕೊಂಡರು. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಮ್ಮ ಮಾತ್ರ ಅಡುಗೆಮನೆ ಬಾಗಿಲು ಹಾಕಿಕೊಂಡು, ಈ ಸಂಬಂಧ ಮುರಿದು ಬೀಳಲಿ ತಾಯಿ ಅಂತ ಜಪಸರ ಎಣಿಸುತ್ತಿದ್ದಳು.

ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಅಂತ ನಮ್ಮಿಬ್ಬರನ್ನು ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ಕಳಿಸಿದರು. ಆಕೆ ಶಾಲಾ ಶಿಕ್ಷಕಿ, ಚುರುಕಿನ ಹುಡುಗಿ. ನಾನು ಇದ್ದದ್ದು ಇದ್ದ ಹಾಗೆ ಹೇಳಿ ಕ್ಷಮೆ ಕೇಳಿದೆ.

ಆಕೆ ನಕ್ಕುಬಿಟ್ಟಳು. "ನಂಗೂ ಇವರೆಲ್ಲ ದಾರಿಯಲ್ಲೇ ಹೇಳಿದ್ದು. ಆದ್ರೆ ಬ್ರದರ್, ನೀವು ಬೇಡ ಅಂದ್ರೆ ನಿಮ್ಮತ್ತೆ ಮುಂದಿನ ತಿಂಗಳು ಇನ್ನೊಂದು ಓಮ್ನಿ ತರ್ತಾರೆ. ನಾನೇ ಬೇಡ ಅಂತೀನಿ. ಹೆಣ್ಣಿನವರು ಬೇಡ ಅಂದ ಗಂಡಿಗೆ ಬೇಗ ಇನ್ನೊಂದು ಸಂಬಂಧ ಬರಲ್ಲ. ಕಾರಣ ಏನು ಹೇಳ್ಲಿ?"

"ಏನಾದ್ರೂ ಹೇಳಿ, ಪುಣ್ಯ ಬರುತ್ತೆ" ಅಂದೆ.

ಒಳಗೆ ಬಂದು ಎಲ್ಲರ ಮುಂದೆ ನಿಂತು, "ಕ್ಷಮಿಸಿ, ಹುಡುಗನ ಮೂಗು ತುಂಬಾ ದಪ್ಪ. ನನಗೆ ಒಪ್ಪಿಗೆ ಇಲ್ಲ" ಅಂದಳು. ಎಂಥ ಧೈರ್ಯ! ನಾನು ಮನಸ್ಸಿನಲ್ಲೇ ಆ ಪುಣ್ಯಾತ್ಗಿತ್ತಿಗೆ ನೂರು ಆಶೀರ್ವಾದ ಮಾಡಿದೆ.

ಅಡುಗೆಮನೆ ಬಾಗಿಲು ಧಡ್ ಅಂತ ತೆರೆಯಿತು. ಅಮ್ಮ ಜಪಸರ ಹಿಡಿದೇ ಹೊರಗೆ ಬಂದಳು. "ಎನ್ನಮ್ಮಾ ಸೊನ್ನೇ? ಏನಂದೆ? ಯಾರ ಮೂಗು ದಪ್ಪ? ಅದು ಅವರ ತಾತನ ಮೂಗು! ಈ ಊರಲ್ಲಿ ಆ ಮೂಗಿಗೆ ಎಷ್ಟು ಮರ್ಯಾದೆ ಇತ್ತು ಗೊತ್ತಾ?" ಅಂತ ಶುರು ಮಾಡಿದಳು. ಓಮ್ನಿ ಬಂದದ್ದಕ್ಕಿಂತ ಬೇಗ ಹೊರಟುಹೋಯಿತು. ಅತ್ತೆ ಹಿಂದೆ ಉಳಿದುಬಿಟ್ಟರು, ಸಾಯಂಕಾಲದ ಬಸ್ಸಿಗೆ ಹೋಗಬೇಕಾಯಿತು.

ಒಂದು ವಾರವಾದರೂ ಅಮ್ಮನ ಸಿಟ್ಟು ಇಳಿಯಲಿಲ್ಲ. "ನನ್ನ ಮಗನಿಗೆ ಏನು ಕಮ್ಮಿ? ಅವಳಿಗಿಂತ ಹತ್ತು ಪಾಲು ಒಳ್ಳೆ ಹುಡುಗಿ ತಂದು ಮದುವೆ ಮಾಡಿ ತೋರಿಸ್ತೀನಿ!"

"ಅಮ್ಮಾ, ನಾನು ಗುರು ಆಗ್ತಿದೀನಿ."

"ಅದು ಆಮೇಲೆ ಆಗುವಂತೆ. ಮೊದಲು ಮದುವೆ ಆಗಿ ತೋರಿಸು!"

೪. ಕುಷನ್ ಅಂಗಡಿ

ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬ ಭಾಯ್ ಆಟೋ ಸೀಟು, ಸೋಫಾ ಸೀಟು ಹೊಲಿಯುವ ಅಂಗಡಿ ಇಟ್ಟಿದ್ದಾರೆ. ಅಪ್ಪನಿಗೂ ಅವರಿಗೂ ಮೂವತ್ತು ವರ್ಷದ ಸ್ನೇಹ. ದಿನಾ ಬೆಳಿಗ್ಗೆ ಪೇಪರ್ ಓದುವುದು ಅಲ್ಲೇ. ನಾನು ಪ್ರಬೋಧನೆ ಮಾಡುವುದನ್ನು ಕಲಿಯುವ ವರ್ಷ ರಜೆಗೆ ಬಂದಾಗ ಭಾಯ್ ನನ್ನನ್ನು ಕೂಗಿ ಕರೆದರು.

"ಬಾ ಬೇಟಾ. ಚರ್ಚಲ್ಲಿ ಏನು ಹೇಳ್ತಿ, ಇಲ್ಲಿ ಹೇಳು. ನನಗೆ ಅರ್ಥ ಆದ್ರೆ ಎಲ್ರಿಗೂ ಅರ್ಥ ಆಗುತ್ತೆ."

ನಾನು ಹಿಂಜರಿಯುವವನಲ್ಲ. ರೆಕ್ಸಿನ್ ಸುರುಳಿಗಳ ಮಧ್ಯೆ ನಿಂತು, ಯೇಸು ಹೇಳಿದ ದಾರಿ ತಪ್ಪಿದ ಕುರಿಯ ಸಾಮತಿ ಕಥೆಯ ಮೇಲೆ ಶುರು ಮಾಡಿದೆ. ಭಾಯ್ ಹೊಲಿಗೆ ಯಂತ್ರ ನಿಲ್ಲಿಸಿ ಕೂತರು. ಸೀಟು ತಗೊಂಡು ಹೋಗಲು ಬಂದಿದ್ದ ಆಟೋ ಡ್ರೈವರ್ ಕೂತ. ಅಪ್ಪ ಮಾತ್ರ ಪೇಪರ್ ಮುಖಕ್ಕೆ ಅಡ್ಡ ಹಿಡಿದುಕೊಂಡೇ ಇದ್ದರು.

ನಾಲ್ಕೇ ನಿಮಿಷಕ್ಕೆ ಭಾಯ್ ಕೈ ಎತ್ತಿದರು. "ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದನ್ನ ಹುಡ್ಕೊಂಡು ಹೋದ, ಸರಿ. ಆ ತೊಂಬತ್ತೊಂಬತ್ತನ್ನ ನೋಡ್ಕೊಳ್ಳೋಕೆ ಯಾರನ್ನ ಬಿಟ್ಟಿದ್ದ?"

ಒಂಬತ್ತು ಜನ ಪ್ರೊಫೆಸರುಗಳು ಕೇಳದ ಪ್ರಶ್ನೆ. ಏನೋ ಹೇಳಿ ಸಂಭಾಳಿಸಿದೆ. ಮುಂದುವರಿಸಿ ಹತ್ತು ನಿಮಿಷ ದಾಟಿತು, ಹದಿನೈದಾಯಿತು. ನನಗೇ ನನ್ನ ಮಾತು ಇಷ್ಟವಾಗಿಬಿಟ್ಟಿತ್ತು. ಆಟೋ ಡ್ರೈವರ್ ಮೆಲ್ಲಗೆ ಎದ್ದು, ಆಮೇಲೆ ಬರ್ತೀನಿ ಅಂತ ಸನ್ನೆ ಮಾಡಿ ಹೋದ. ಆಗ ನಾನು ಗಮನಿಸಿದೆ, ಇಷ್ಟು ಹೊತ್ತಾದರೂ ಅಪ್ಪ ಪೇಪರಿನ ಒಂದು ಹಾಳೆಯನ್ನೂ ಮಗುಚಿರಲಿಲ್ಲ. ಕೇಳುತ್ತಿದ್ದರು! ಇವತ್ತು ಆಯ್ತು ಅಂತಾರೆ ಅಂದುಕೊಂಡೆ.

"ಹೇಗಿತ್ತು ಭಾಯ್?" ಅಂದೆ, ಅಪ್ಪನಿಗೂ ಕೇಳುವಷ್ಟು ಜೋರಾಗಿ.

"ಮಾಲು ಚೆನ್ನಾಗಿದೆ ಬೇಟಾ. ಆದ್ರೆ ಒಂದು ಸೀಟಿಗೆ ಒಂದು ಸೋಫಾದ ಸ್ಪಂಜು ತುರುಕಿದ್ದಿ. ಗಿರಾಕಿ ಎದ್ದು ಹೋದ, ನೋಡು."

ಅಪ್ಪನ ಕಡೆ ತಿರುಗಿದೆ. ಅಪ್ಪ ಪೇಪರ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಎದ್ದರು. "ದಾರಿ ತಪ್ಪಿದ್ದು ಕುರಿ ಅಂದೆಯಲ್ಲ, ಕೊನೆಕೊನೆಗೆ ನೀನೂ ಅದರ ಜೊತೆಗೇ ಹೋದೆ."

೫. ಆನೆ

ದೀಕ್ಷೆಗೆ ಮುಂಚೆ ಒಂದು ವರ್ಷ ಯಾವುದಾದರೂ ಚರ್ಚಿನಲ್ಲಿದ್ದು ಕೆಲಸ ಕಲಿಯಬೇಕು. ನನ್ನನ್ನು ಗುಂಡ್ಲುಪೇಟೆಗೆ ಹಾಕಿದರು. ಗುರುವಾರ ಗುರುವಾರ ಬಸ್ಸಿನಲ್ಲಿ ಬಂಡೀಪುರಕ್ಕೆ ಹೋಗಿ, ಅಲ್ಲಿ ಅರಣ್ಯ ಇಲಾಖೆಯ ಕೆಲಸದಲ್ಲಿದ್ದ ನಮ್ಮ ಧರ್ಮದ ಎರಡು ಮೂರು ಮನೆಯವರಿಗೆ ಧರ್ಮೋಪದೇಶ ಮಾಡಿ ಬರುವುದು ನನ್ನ ಪಾಲಿನ ಕೆಲಸ. ಬಿಳಿ ನಿಲುವಂಗಿ ಹೊಸದು. ಹಾಕಿಕೊಂಡು ಬಸ್ಸು ಹತ್ತಿದರೆ ಜನ ಸೀಟು ಬಿಡುತ್ತಿದ್ದರು, ಅದೊಂದು ಖುಷಿ.

ಒಂದು ಮಧ್ಯಾಹ್ನ, ಬಂಡೀಪುರ ಇನ್ನೂ ನಾಲ್ಕೈದು ಕಿಲೋಮೀಟರ್ ಇದೆ ಅನ್ನುವಾಗ ಬಸ್ಸು ನಿಂತಿತು. ರಸ್ತೆ ಮಧ್ಯೆ ಒಂಟಿ ಆನೆ. ಡ್ರೈವರ್ ಇಂಜಿನ್ ಬಂದ್ ಮಾಡಿದ. ಕಂಡಕ್ಟರ್ ತುಟಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ಸುಮ್ಮನಿರುವಂತೆ ಸನ್ನೆ ಮಾಡಿದ.

ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು, ಕಾಲ ಹತ್ತಿರ ಬಾಳೆಗೊನೆಯ ಚೀಲ. ಕೈ ಮುಗಿದು, "ಬುದ್ದೀ, ಸುಮ್ನೆ ಕೂತ್ರೆ ಎಂಗೆ? ಏನಾರ ಮಂತ್ರ ಏಳಿ, ಅದು ಅತ್ಲಾಗೆ ಓಗ್ಲಿ" ಅಂದರು. ಇಡೀ ಬಸ್ಸು ನನ್ನ ಕಡೆ ತಿರುಗಿತು. ಗುಡಲೂರಿಗೆ ಹೊರಟಿದ್ದ ಪಕ್ಕದ ಮಲಯಾಳಿ ಮಾತ್ರ ನನ್ನ ತೋಳು ಹಿಡಿದು, "ಅಚ್ಚೋ, ಮಿಂಡಲ್ಲೇ" ಅಂತ ಪಿಸುಗುಟ್ಟಿದ. ಫಾದರೇ, ಮಾತಾಡಬೇಡಿ ಅಂತ.

ನಾನೆಲ್ಲಿ ಕೇಳುತ್ತೇನೆ? ಎದ್ದು ನಿಂತೆ. ಆನೆಯ ಕಡೆ ಕೈ ಚಾಚಿ, ಸ್ವರ್ಗದಲ್ಲಿರುವ ನಮ್ಮ ತಂದೆಯೇ ಅಂತ ಗಟ್ಟಿಯಾಗಿ ಶುರು ಮಾಡಿದೆ. ಆನೆ ಕಿವಿ ನಿಮಿರಿಸಿತು. ನನ್ನ ದನಿ ಇನ್ನೂ ಏರಿತು. ಆನೆ ಒಂದು ಹೆಜ್ಜೆ ಇಟ್ಟಿತು. ಎರಡು ಹೆಜ್ಜೆ. ನೆಟ್ಟಗೆ ನಮ್ಮ ಬಸ್ಸಿನ ಕಡೆಗೇ ಬಂತು. ಅಜ್ಜಿಯ ಕಿಟಕಿಗೆ ಸೊಂಡಿಲು ಚಾಚಿತು. ಕಂಡಕ್ಟರ್ ಹಾರಿ ಬಂದು ಬಾಳೆಗೊನೆಯನ್ನು ಆ ಕಡೆಯ ಕಿಟಕಿಯಿಂದ ಹೊರಗೆ ಎಸೆದ. ಆನೆ ಸುತ್ತಿಕೊಂಡು ಆ ಕಡೆ ಹೋಯಿತು, ಬಸ್ಸು ಹೊರಟಿತು.

ನಾನು ಗುಂಡ್ಲುಪೇಟೆಗೆ ವಾಪಸ್ಸು ಬರುವ ಮೊದಲೇ ಸುದ್ದಿ ಚಾಮರಾಜನಗರ ಮುಟ್ಟಿತ್ತು. ಸಾಯಂಕಾಲ ಅಪ್ಪನ ಫೋನು. "ಆನೆ ನಿನ್ನ ಮಾತು ಕೇಳ್ಲಿಲ್ವಂತೆ?" ಅಂದರು. ಕೇಳಲಿಲ್ಲ ಅಂತ ಒಪ್ಪಿಕೊಂಡೆ. "ಪೆಟ್ಟು ಗಿಟ್ಟು ಆಗಿಲ್ಲ ತಾನೇ?" ಅಂದರು. ಆಗಿಲ್ಲ ಅಂದೆ. ಫೋನ್ ಇಟ್ಟುಬಿಟ್ಟರು. ನನ್ನ ವಿಷಯ ಏನಾಯಿತು ಅಂತ ಅವತ್ತು ನಾನೂ ಕೇಳಲಿಲ್ಲ.

ಅಂದ ಹಾಗೆ, ಬಸ್ಸಿನಿಂದ ಇಳಿಯುವಾಗ ಆ ಅಜ್ಜಿ ನನ್ನ ಕಡೆ ಒಂದು ಥರ ನೋಡಿ ಹೇಳಿದ್ದು ಬಿಟ್ಟುಹೋಯಿತು: "ನಾನು ಕಳ್ಸಿ ಅಂದ್ರೆ ನೀವು ಕರುದ್ಬುಟ್ರಲ್ಲ ಬುದ್ದೀ!"

೬. ತಕರಾರು

ಎಂಟು ವರ್ಷ ಮುಗಿಯಿತು. ಮೊದಲು ಡೀಕನ್ ದೀಕ್ಷೆ, ಕೆಲವು ತಿಂಗಳ ನಂತರ ಗುರುದೀಕ್ಷೆ. ಡೀಕನ್ ಆದರೆ ಅಲ್ಲಿಗೆ ಮುಗಿಯಿತು, ಮದುವೆಯೂ ಇಲ್ಲ, ಹಿಂದಕ್ಕೆ ದಾರಿಯೂ ಇಲ್ಲ. ದಿನಾಂಕ ಗೊತ್ತಾಗಿತ್ತು. ಅಪ್ಪ ಮಾತ್ರ ಇನ್ನೂ ಆಯ್ತು ಅಂದಿರಲಿಲ್ಲ. ನನ್ನ ಶಪಥ ಹಾಗೇ ಕೂತಿತ್ತು. ದೇವರು ಕರೆದಿದ್ದಾನೆ ಅನ್ನುವುದರಲ್ಲಿ ಅನುಮಾನ ಇಲ್ಲ. ಅಪ್ಪ ಕಳಿಸುತ್ತಾರಾ ಅನ್ನುವುದೇ ಅನುಮಾನ.

ನಮ್ಮಲ್ಲಿ ಒಂದು ಪದ್ಧತಿ ಇದೆ. ದೀಕ್ಷೆಗೆ ಮುಂಚೆ ಹುಟ್ಟೂರಿನ ಚರ್ಚಿನಲ್ಲಿ ಪ್ರಕಟಣೆ ಓದುತ್ತಾರೆ. ಇಂಥವರ ಮಗ ಇಂಥವನು ದೀಕ್ಷೆ ಪಡೆಯಲಿದ್ದಾನೆ, ಇದಕ್ಕೆ ಅಡ್ಡಿಯಾಗುವಂಥ ಸಂಗತಿ ಯಾರಿಗಾದರೂ ತಿಳಿದಿದ್ದರೆ ಗುರುಗಳಿಗೆ ತಿಳಿಸುವುದು ಅವರ ಕರ್ತವ್ಯ ಅಂತ. ಯಾರೂ ಯಾವತ್ತೂ ಏನೂ ತಿಳಿಸುವುದಿಲ್ಲ. ಅದೊಂದು ಶಾಸ್ತ್ರ. ಜನ ಆ ಹೊತ್ತಿನಲ್ಲಿ ಚಪ್ಪಲಿ ಎಲ್ಲಿ ಬಿಟ್ಟೆವು ಅಂತ ಯೋಚಿಸುತ್ತಿರುತ್ತಾರೆ.

ಭಾನುವಾರ ನನ್ನ ಹೆಸರು ಓದಿದರು. ಸೋಮವಾರ ಬೆಳಿಗ್ಗೆ ನಮ್ಮ ವೃದ್ಧ ಗುರುಗಳು ಗುರುಮಠಕ್ಕೆ ಫೋನ್ ಮಾಡಿದರು. "ನಲವತ್ತು ವರ್ಷದ ಸೇವೆಯಲ್ಲಿ ಹೀಗೆ ಆಗಿರಲಿಲ್ಲ ಕಣಪ್ಪ. ನಿನ್ನ ಮೇಲೆ ಲಿಖಿತ ತಕರಾರು ಬಂದಿದೆ."

"ಯಾರು ಕೊಟ್ಟಿದ್ದು ಫಾದರ್?"

"ನಿಮ್ಮಪ್ಪ."

ಆನೆಯ ಮುಂದೆ ಎದ್ದು ನಿಂತವನು ನಾನು, ಅವತ್ತು ಗೋಡೆ ಹಿಡಿದುಕೊಂಡು ನಿಂತೆ. ಬಿಷಪ್ಪರ ಕಚೇರಿಗೆ ಕೇಳಿದರೆ, ಬರವಣಿಗೆಯಲ್ಲಿ ಬಂದ ಮೇಲೆ ವಿಚಾರಣೆ ಮಾಡಲೇಬೇಕು ಅಂದರಂತೆ. ಬುಧವಾರ ಹತ್ತೂವರೆಗೆ ಚರ್ಚಿನ ಆಫೀಸಿನಲ್ಲಿ ಅಂತ ಗೊತ್ತಾಯಿತು.

ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಂಕುಳಲ್ಲಿ ಫೈಲು ಇಟ್ಟುಕೊಂಡು, ಹತ್ತು ಇಪ್ಪತ್ತೈದಕ್ಕೇ ಬಂದು ಕೂತಿದ್ದರು. ನನ್ನ ಮುಖ ನೋಡಲಿಲ್ಲ. ಗುರುಗಳು ಶಿಲುಬೆ ಗುರುತು ಹಾಕಿ, "ನೀವೇ ಓದಿಬಿಡಿ" ಅಂದರು. ಅಪ್ಪ ಎದ್ದು ನಿಂತು ಓದಿದರು.

"ಒಂದು. ಸದರಿ ಅಭ್ಯರ್ಥಿಗೆ ಹಾಡಲು ಬರುವುದಿಲ್ಲ. ಇವನು ಹಾಡುಪೂಜೆ ಮಾಡಿದಲ್ಲಿ ಸಾರ್ವಜನಿಕರಿಗೆ ತೊಂದರೆಯಾಗುವ ಸಂಭವವಿರುತ್ತದೆ."

ಗುರುಗಳು ಕೆಮ್ಮಿದರು. "ನನಗೂ ಹಾಡು ಬರಲ್ಲ. ಜನ ತಡ್ಕೊಂಡಿದ್ದಾರೆ. ಮುಂದೆ?"

"ಎರಡು. ಸದರಿಯವನು ಬೆಳಿಗ್ಗೆ ಕಾಫಿ ಕುಡಿಯುವ ತನಕ ಯಾರ ಮುಖವನ್ನೂ ನೋಡುವುದಿಲ್ಲ. ಬೆಳಗಿನ ಪೂಜೆ ಆರು ಗಂಟೆಗೆ ಇರುತ್ತದೆ."

"ಅಭ್ಯಾಸ ಆಗುತ್ತೆ. ಮುಂದೆ?"

"ಮೂರು. ಸದರಿಯವನು ತಾನು ಹಿಡಿದದ್ದೇ ಹಟ, ಯಾರ ಮಾತನ್ನೂ ಕೇಳುವುದಿಲ್ಲ."

"ಅದನ್ನ ಬಿಷಪ್ಪರು ನೋಡ್ಕೋತಾರೆ. ಮುಂದೆ?"

ಅಪ್ಪ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. "ನಾಲ್ಕು. ಸದರಿಯವನು ನನಗೆ ಒಬ್ಬನೇ ಮಗ."

ನನ್ನ ಕಣ್ಣು ತುಂಬಿ ಎದುರಿಗಿದ್ದ ಮೇಜು ಕಾಣದಾಯಿತು. ಗುರುಗಳು ಅರ್ಜಿಯನ್ನು ಈಸಿಕೊಂಡು ತಾವೇ ಮತ್ತೊಮ್ಮೆ ಓದಿ, "ಧರ್ಮಸಭೆಯ ಕಾನೂನಿನ ಪ್ರಕಾರ ಇದು ಅಡ್ಡಿ ಅಲ್ಲ. ಆದರೆ ಇದಕ್ಕೆ ನನ್ನ ಹತ್ತಿರ ಉತ್ತರವೂ ಇಲ್ಲ" ಅಂದರು.

"ಉತ್ತರ ಬೇಡ ಸ್ವಾಮಿ" ಅಂದರು ಅಪ್ಪ. "ಉತ್ತರ ಇಲ್ಲ ಅಂತ ನಂಗೂ ಗೊತ್ತು. ವಜಾ ಮಾಡಿ."

"ಏನು?"

"ನನ್ನ ತಕರಾರು ಅರ್ಜಿ ವಜಾ ಮಾಡಿ ಅಂದೆ. ವಜಾ ಆಗಲಿ ಅಂತಲೇ ಹಾಕಿದ್ದು."

ನಾವಿಬ್ಬರೂ ಅವರ ಮುಖ ನೋಡಿದೆವು. ಅಪ್ಪ ದಡ್ಡ ಸಿಬ್ಬಂದಿಗೆ ಕೆಲಸ ಹೇಳಿಕೊಡುವ ದನಿಯಲ್ಲಿ ಹೇಳಿದರು. "ನನ್ನ ಸರ್ವೀಸಲ್ಲಿ ಸಾವಿರಾರು ಜಮೀನಿನ ಖಾತೆ ನೋಡಿದ್ದೀನಿ. ತಕರಾರೇ ಬರದೆ ಆದ ಖಾತೆ ಯಾವತ್ತಿದ್ರೂ ಅಪಾಯ. ಹತ್ತು ವರ್ಷ ಬುಟ್ಟು ಯಾವನೋ ಬಂದು, ನಂಗೆ ಗೊತ್ತೇ ಇರ್ಲಿಲ್ಲ ಅಂತ ತಲೆ ಕೆಡುಸ್ತಾನೆ. ತಕರಾರು ಬಂದು, ವಿಚಾರಣೆ ಆಗಿ, ವಜಾ ಆದ ಖಾತೆ ಅದೆಯಲ್ಲ, ಅದನ್ನ ಯಾರೂ ಅಲ್ಲಾಡ್ಸಕ್ಕಾಗಲ್ಲ. ಈ ಊರಲ್ಲಿ ಇವನು ಗುರು ಆಗಬಾರ್ದು ಅಂತಿದ್ದೋನು ನಾನೊಬ್ನೇ. ನಾಳೆ ನಾನು ಸತ್ತ ಮೇಲೆ, ಅವರಪ್ಪಂಗೆ ಇಷ್ಟ ಇರ್ಲಿಲ್ಲ, ಅಪ್ಪನ ಮನ್ಸು ನೋಯ್ಸಿ ಗುರು ಆದ ಅಂತ ಒಬ್ಬನೂ ಆಡ್ಕೋಬಾರ್ದು. ಅಪ್ಪನ ತಕರಾರು ಅಪ್ಪನ ಎದುರಿಗೇ ವಜಾ ಆಯ್ತು ಅಂತ ದಾಖಲೆ ಇರ್ಲಿ. ಹಿಂಬರಹ ಕೊಡಿ."

ಗುರುಗಳು ಅರ್ಜಿಯ ಹಿಂದೆ ವಜಾ ಮಾಡಲಾಗಿದೆ ಅಂತ ಬರೆದು ಸಹಿ ಮಾಡಿದರು. ಅಪ್ಪ ಕೈಗೆತ್ತಿಕೊಂಡು ನೋಡಿ, "ಸೀಲು?" ಅಂದರು. ಗುರುಗಳು ಸೀಲು ಹುಡುಕಲು ಎದ್ದರು, ನಾಲ್ಕು ಡ್ರಾಯರು ತೆಗೆದರು. ಅಷ್ಟರಲ್ಲಿ ನಾನು ಹೋಗಿ ಅಪ್ಪನ ಕಾಲು ಹಿಡಿದುಕೊಂಡೆ. ತಲೆಯ ಮೇಲೆ ಕೈ ಇಟ್ಟರು. "ಆಯ್ತು. ಹೋಗು" ಅಂದರು. ಎಂಟು ವರ್ಷ ಕಾದ ಮಾತು, ಅಷ್ಟು ಮೆಲ್ಲಗೆ ಅಂದರು.

ಎಲ್ಲರನ್ನೂ ಸ್ವಲ್ಪ ನಗಿಸೋಣ ಅಂತ ಕೇಳಿದೆ, "ಮೇಲ್ಮನವಿ ಹಾಕಲ್ವಾ ಅಪ್ಪಾ?"

ಅಪ್ಪ ಗಾಬರಿಯಿಂದ ಬಾಗಿಲ ಕಡೆ ನೋಡಿದರು. "ಮೇಲ್ಮನವಿ ನಿಮ್ಮಮ್ಮನ್ ತಾವ ಹಾಕ್ಬೇಕು. ದೀಕ್ಷೆಗೆ ಅಂತ ಆಗ್ಲೇ ಎರಡು ಸೀರೆ ತಗೊಂಡು, ರವಿಕೆನೂ ಹೊಲ್ಸವ್ಳೆ. ನಂಗೆ ಅಷ್ಟು ಧೈರ್ಯ ಇಲ್ಲ, ಬುಡು!"